ನೂರೈವತ್ತೊಂದನೆಯ ಆಟಿಕೆ

ಸಂತೆಯ ಚೀಲದಲ್ಲಿ ಮೆಂತ್ಯೆ ಸೊಪ್ಪು ಯಾವಾಗಲೂ ಮೇಲಿರಬೇಕು, ಕೆಳಗಿಟ್ಟರೆ ಬಾಡುತ್ತದೆ. ಇದು ಸಂಸಾರಸ್ಥರಿಗೆಲ್ಲ ಗೊತ್ತಿರುವ ಸಂಗತಿ. ನನ್ನ ಚೀಲದಲ್ಲಿ ಅದು ಮೇಲಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೆಂತ್ಯೆಯ ಕೆಳಗೆ ಕೆಲವೊಮ್ಮೆ ತಮಟೆ ಬಾರಿಸುವ ಕೋತಿ ಕೂತಿರುತ್ತದೆ. ಒಮ್ಮೊಮ್ಮೆ ಕೀಲಿ ಕೊಟ್ಟರೆ ಕುಪ್ಪಳಿಸುವ ಕೋಳಿ. ಒಂದು ಸಲವಂತೂ ಎರಡು ಕಟ್ಟು ಸೊಪ್ಪಿನ ನಡುವಿನಿಂದ ಪ್ಲಾಸ್ಟಿಕ್ ಗದೆಯ ಹಿಡಿ ಹೊರಗೆ ಇಣುಕಿ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಚಿಕ್ಕೋಡಿ ಬರುವವರೆಗೂ ನನ್ನಿಂದ ಅರ್ಧ ಗೇಣು ದೂರ ಸರಿದೇ ಕೂತಿದ್ದಳು.

ನನಗೆ ನಲವತ್ತೊಂಬತ್ತು ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಬ್ಬಳೇ ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಮನೆಗೆ ಬಂದವರು ಕಪಾಟಿನ ಗಾಜಿನೊಳಗೆ ಇಣುಕಿ, ‘ಮಗಳು ಆಡಿದ್ದೇನ್ರಿ ಇವೆಲ್ಲ?’ ಎಂದು ಕೇಳಿದರೆ ಹೌದೆನ್ನುತ್ತೇನೆ. ಇದು ಶುದ್ಧ ಸುಳ್ಳು. ಪಾಪ, ಆ ಹುಡುಗಿಗೆ ನಾನು ಅದರಲ್ಲಿ ಒಂದನ್ನೂ ಮುಟ್ಟಗೊಟ್ಟಿರಲಿಲ್ಲ. ಅವಳಿಗೆಂದು ಬೇರೆ ಆಟಿಕೆ ತಂದುಕೊಡುತ್ತಿದ್ದೆ. ಅವಳು ಅವನ್ನು ಎರಡೇ ದಿನಕ್ಕೆ ಮುರಿದು ಸುಖವಾಗಿದ್ದಳು.

ಈ ಚಟಕ್ಕೆ ಮೂಲ ಯಾವುದೆಂದು ಕೇಳಿದರೆ ಚಹಾ ಪುಡಿಯ ಪೊಟ್ಟಣ ಎನ್ನಬೇಕು. ನಾನು ರಾಯಬಾಗದಲ್ಲಿ ಬೆಳೆಯುತ್ತಿದ್ದಾಗ ಒಂದು ಚಹಾ ಪುಡಿಯ ಜೊತೆ ಬೆರಳುದ್ದದ ಪ್ಲಾಸ್ಟಿಕ್ ಪ್ರಾಣಿಗಳನ್ನು ಬಿಟ್ಟಿಯಾಗಿ ಕೊಡುತ್ತಿದ್ದರು. ಹುಲಿ ಬರಲಿ ಎಂಬ ಆಸೆಗೆ ನಾನು ಮನೆಮಂದಿಗೆಲ್ಲ ದಿನಕ್ಕೆ ಐದು ಸಲ ಚಹಾ ಕುಡಿಸಿದೆ. ಬಂದದ್ದು ಏಳು ಒಂಟೆ. ಮದುವೆಯಾಗಿ ಬಂದ ಮೇಲೆ ತವರಿನಲ್ಲಿ ಅವನ್ನು ಯಾರೋ ಕಸಕ್ಕೆ ಹಾಕಿದರು. ಆಮೇಲೆ ಹಲವು ವರ್ಷ ಕಳೆದು, ಒಂದು ದಿನ ನಿಪ್ಪಾಣಿಯ ಗುಜರಿ ಅಂಗಡಿಯ ಮುಂದೆ, ತುಕ್ಕು ಹಿಡಿದ ಮೊಳೆಗಳ ಡಬ್ಬಿಯಲ್ಲಿ, ಅದೇ ಹುಲಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿದ್ದನ್ನು ಕಂಡೆ. ಗುಜರಿ ಅಂಗಡಿಯ ದಸ್ತಗೀರ ಚಾಚಾ ನನ್ನ ಮುಖ ನೋಡಿಯೇ ಇದು ಕಾಯಂ ಗಿರಾಕಿ ಎಂದು ಗುರುತಿಸಿರಬೇಕು. ‘ಒಯ್ರಿ ಟೀಚರಬಾಯಿ, ಹುಲಿಗೆ ಏನ ರೊಕ್ಕ ತಗೊಳ್ಳೂದು’ ಎಂದು ಹಾಗೇ ಕೊಟ್ಟುಬಿಟ್ಟರು. ಅದರ ನಂತರ ಅವರು ಬಿಟ್ಟಿ ಕೊಟ್ಟದ್ದು ನನಗೆ ನೆನಪಿಲ್ಲ.

ಹೀಗೆ ಕೂಡುತ್ತ ಹೋಯಿತು. ಒತ್ತಿದರೆ ಟಿಕ್ ಎನ್ನುವ ತಗಡಿನ ಕಪ್ಪೆ. ಎಣ್ಣೆಯ ಬತ್ತಿ ಹಚ್ಚಿದರೆ ಬೋಗುಣಿಯ ನೀರಿನಲ್ಲಿ ಪಟಪಟನೆ ಸುತ್ತುವ ದೋಣಿ. ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ದೇವತೆಗಳು ಯುದ್ಧ ಮಾಡುತ್ತಿದ್ದ ಕಾಲದ ಗದೆ, ಕಿರೀಟ, ರಟ್ಟಿನ ಮುಖವಾಡ. ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳು. ಥಿಯೇಟರಿನ ಹೊರಗೆ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕಗಳು. ನಮ್ಮ ಕಡೆ ಇವು ಕನ್ನಡದಲ್ಲೂ ಸಿಗುತ್ತವೆ, ಮರಾಠಿಯಲ್ಲೂ ಸಿಗುತ್ತವೆ. ಅಚ್ಚಿನವನ ಕೃಪೆಯಿಂದ ಎರಡೂ ಭಾಷೆಯ ನಾಯಕರಿಗೆ ಹಸಿರು ಮೀಸೆ.

ಸಂಗ್ರಹಕಾರರಿಗೆ ಸುಖ ಎಷ್ಟಿದೆಯೋ ದುಃಖವೂ ಅಷ್ಟೇ ಇದೆ. ತಗಡಿಗೆ ತುಕ್ಕು, ರಟ್ಟಿಗೆ ಇಲಿ, ರಬ್ಬರಿಗೆ ಬಿಸಿಲು ಶತ್ರು. ಒಟ್ಟು ಸಂಗ್ರಹಕ್ಕೆ ನೆಂಟರ ಮಕ್ಕಳು ಶತ್ರು. ಒಮ್ಮೆ ಫೋನಿನಲ್ಲಿ ಚಿತ್ರ ನೋಡಿ ಮೋಹಗೊಂಡು ‘ಅಜ್ಜನ ಕಾಲದ’ ತಗಡಿನ ಮೋಟಾರೊಂದನ್ನು ತರಿಸಿದೆ. ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡುತ್ತೇನೆ, ತುಕ್ಕು ಎಲ್ಲ ಕಡೆಯೂ ಒಂದೇ ಸಮ. ನಿಜವಾದ ತುಕ್ಕು ಹಾಗಿರುವುದಿಲ್ಲ. ಅದು ನೀರು ನಿಂತಲ್ಲಿ ಹೆಚ್ಚು, ಬಣ್ಣ ಉಳಿದಲ್ಲಿ ಕಡಿಮೆ. ಯಾರೋ ಹೊಸ ಮೋಟಾರನ್ನು ಉಪ್ಪುನೀರಿನಲ್ಲಿ ಅದ್ದಿ ಮುಪ್ಪು ಬರಿಸಿದ್ದರು. ಕಬ್ಬಿಣ, ತೇವ, ಗಾಳಿ ಕೂಡಿದರೆ ಏನಾಗುತ್ತದೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆಯುವ ನಾನೇ ಮೋಸ ಹೋಗಿದ್ದೆ. ಈಗ ಅದನ್ನು ತುಕ್ಕಿನ ಪಾಠದ ದಿನ ಶಾಲೆಗೆ ಒಯ್ಯುತ್ತೇನೆ. ಮೋಸ ಹೋದವರು ಯಾರು ಎಂದು ಮಾತ್ರ ಹೇಳುವುದಿಲ್ಲ.

ಇಷ್ಟೆಲ್ಲ ಕಷ್ಟಗಳನ್ನು ನಾನು ಸಹಿಸಬಲ್ಲೆ. ಸಹಿಸಲು ಕಷ್ಟವಾದದ್ದು ಅಪರಿಗ್ರಹ.

ನಮ್ಮದು ಜೈನರ ಮನೆ. ಅಪರಿಗ್ರಹ ಎಂದರೆ ಕೂಡಿಡದೆ ಇರುವುದು. ನಮ್ಮ ಮುನಿಗಳ ಬಳಿ ಇರುವುದು ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲ. ಮೈಮೇಲೆ ನೂಲಿನ ಎಳೆಯೂ ಇಲ್ಲ. ಅಂಥವರಿಗೆ ನಮಸ್ಕರಿಸಿ ಮನೆಗೆ ಬಂದು ನಾನು ಕಪ್ಪೆ, ಕೋತಿ, ಗದೆಗಳ ಧೂಳು ಒರೆಸುತ್ತಿದ್ದೆ. ನನ್ನ ಅತ್ತೆ ಅದನ್ನು ನೋಡುತ್ತಿದ್ದರು.

ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಸದಲಗಾದ ಒಕ್ಕಲುತನದ ಮನೆಯ ಮಗಳು, ಎಪ್ಪತ್ತಾರು ವರ್ಷ. ಗಟ್ಟಿ ದನಿ, ಗಟ್ಟಿ ಹಲ್ಲು. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ಹೊಸದೇನಾದರೂ ಚೀಲದಿಂದ ಹೊರಬಂದರೆ, ‘ಇದು ಎಷ್ಟನೇದ್ದವ್ವಾ?’ ಎಂದು ಕೇಳುತ್ತಿದ್ದರು, ಅಷ್ಟೆ. ಬೈಗುಳಕ್ಕೆ ಉತ್ತರ ಕೊಡಬಹುದು. ಎಣಿಕೆಗೆ ಏನು ಕೊಡುವುದು?

ಎರಡು ವರ್ಷದ ಹಿಂದೆ ಮುನಿಗಳೊಬ್ಬರು ಊರಿನಲ್ಲಿ ಚಾತುರ್ಮಾಸಕ್ಕೆ ನಿಂತರು. ಆಯಿ ದಿನವೂ ಬಸದಿಗೆ ಹೋಗಿ ಪ್ರವಚನ ಕೇಳಿ ಬರುತ್ತಿದ್ದರು. ಒಂದು ದಿನ ಬಂದವರೇ ತಮ್ಮ ಟ್ರಂಕು ತೆಗೆದು ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದರು. ಪರಿಗ್ರಹ ಪರಿಮಾಣ ವ್ರತ ತಗೊಂಡಿದ್ದರಂತೆ. ಸಂಸಾರದಲ್ಲಿರುವವರು ಪಿಂಛಿ ಹಿಡಿದು ಹೊರಡಲು ಆಗುವುದಿಲ್ಲವಲ್ಲ. ಹಾಗಾಗಿ ‘ಇಂಥದ್ದು ಇಷ್ಟೇ, ಇದಕ್ಕಿಂತ ಹೆಚ್ಚು ಬೇಡ’ ಎಂದು ತಾವೇ ಒಂದು ಮಿತಿ ಹಾಕಿಕೊಳ್ಳುವ ವ್ರತ ಇದು. ಆಯಿಯ ಲೆಕ್ಕದಲ್ಲಿ ಸೀರೆ ಹನ್ನೆರಡು, ಪಾತ್ರೆ ಇಪ್ಪತ್ತು, ಇತರೆ ಸಾಮಾನು ಹತ್ತು. ಸಂಜೆಯೊಳಗೆ ಉಳಿದ ಸೀರೆಗಳೆಲ್ಲ ಓಣಿಯ ಮನೆಮನೆ ಸೇರಿದವು. ಆಮೇಲೆ ಆಯಿ ಹಗುರಾಗಿ ಬಂದು ನನ್ನ ಕಪಾಟಿನ ಮುಂದೆ ಕೂತರು.

‘ಮಹಾರಾಜರ ಹಂತೇಕ ಎರಡ ಸಾಮಾನ, ನಿನ್ನ ಹಂತೇಕ ಎರಡ ಕಪಾಟ. ಬಿಟ್ಟಬಿಡ ಅನ್ನೂದಿಲ್ಲ ಸುನಂದಾ. ನೀನೂ ಒಂದು ಮಿತಿ ಹಾಕ್ಕೊ.’

ನಾನು ಒಳಗೊಳಗೇ ಲೆಕ್ಕ ಹಾಕಿದೆ. ನನ್ನ ಬಳಿ ನೂರಾ ನಲವತ್ತಮೂರು ಇದ್ದವು. ‘ನೂರೈವತ್ತು’ ಎಂದೆ, ಬಹಳ ದೊಡ್ಡ ತ್ಯಾಗ ಮಾಡುವವಳ ಹಾಗೆ ಉಸಿರುಬಿಟ್ಟು. ಏಳು ಖಾಲಿ ಜಾಗ ಇಟ್ಟುಕೊಂಡು ವ್ರತ ಹಿಡಿದ ಶ್ರಾವಕಿ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಆಯಿ ಬಾಯಿಮಾತನ್ನು ನಂಬುವವರಲ್ಲ. ಮರುದಿನ ಭಾನುವಾರ ಚಷ್ಮಾ ಹಾಕಿಕೊಂಡು ತಾವೇ ಎಣಿಸಲು ಕೂತರು. ಆಗ ಶುರುವಾಯಿತು ತಕರಾರು. ಚದುರಂಗದ ಕಾಯಿ ಮೂವತ್ತೆರಡು. ಅದು ಒಂದೋ ಮೂವತ್ತೆರಡೋ? ಗೋಲಿಗಳ ಗಡಿಗೆ? ಆಯಿ ಸ್ವಲ್ಪ ಯೋಚಿಸಿ ಒಂದು ಸೂತ್ರ ಮಾಡಿದರು. ‘ಕೂಡಿ ಆಡೂವು ಇದ್ದರ ಒಂದ. ಬ್ಯಾರೆ ಬ್ಯಾರೆ ಆಡೂವು ಇದ್ದರ ಬ್ಯಾರೆ.’ ನಾನು ಇಪ್ಪತ್ತು ವರ್ಷ ವರ್ಗೀಕರಣ ಕಲಿಸಿದ್ದೇನೆ, ಇಷ್ಟು ಸರಳ ಸೂತ್ರ ನನಗೆ ಹೊಳೆದಿರಲಿಲ್ಲ.

ಆದರೆ ಚಹಾ ಪುಡಿಯ ಪ್ರಾಣಿಗಳ ಹತ್ತಿರ ಬಂದಾಗ ಆಯಿ ನಿಂತರು. ಆ ಹುಲಿಯ ಬೆನ್ನಿಗೆ ಒಂದೊಂದಾಗಿ ಕೂಡಿಸಿ ಹನ್ನೆರಡಾಗಿದ್ದ ಪ್ರಾಣಿಗಳನ್ನು ನಾನು ಒಂದೇ ಎಂದು ಲೆಕ್ಕ ಹಿಡಿದಿದ್ದೆ.

‘ಇವು ಹ್ಯಾಂಗ ಒಂದ? ಹುಲಿ ಜಿಂಕಿ ಗೂಡ ಕೂಡಿ ಆಡ್ತೈತೇನು?’

‘ಸಮವಸರಣದಾಗ ಹುಲಿ ಜಿಂಕಿ ಕೂಡೇ ಕುಂಡರ್ತಾವಲ್ರಿ ಆಯಿ’ ಎಂದೆ. ತೀರ್ಥಂಕರರು ಉಪದೇಶ ಮಾಡುವ ಆ ಸಭೆಯಲ್ಲಿ ಹುಟ್ಟುವೈರಿ ಪ್ರಾಣಿಗಳೂ ಒಂದಕ್ಕೊಂದು ಮೈತಾಗಿಸಿ ಕೂತು ಕೇಳುತ್ತವೆ ಎಂಬುದನ್ನು ನನಗೆ ಹೇಳಿಕೊಟ್ಟವರು ಆಯಿಯೇ. ಅವರು ಚಷ್ಮಾದ ಮೇಲಿಂದ ನನ್ನನ್ನು ಒಂದು ಗಳಿಗೆ ನೋಡಿದರು. ‘ಭಾರೀ ಶಾಣ್ಯಾಕಿ ಅದಿ’ ಎಂದು ಒಂದಕ್ಕೇ ಗೆರೆ ಎಳೆದರು. ಒಟ್ಟು ನೂರಾ ನಲವತ್ತಮೂರೇ ಬಂತು.

ಏಳು ಖಾಲಿ ಜಾಗ ಮೂರೇ ತಿಂಗಳಿಗೆ ತುಂಬಿದವು. ಮಿತಿ ಇಲ್ಲದಾಗ ನಾನು ವರ್ಷಕ್ಕೆ ಐದಾರು ತರುತ್ತಿದ್ದೆ. ಮಿತಿ ಬಂದ ಮೇಲೆ ಖಾಲಿ ಜಾಗವೇ ಕೈಬೀಸಿ ಕರೆಯತೊಡಗಿತು. ನೂರೈವತ್ತಾದ ದಿನ ಕಪಾಟಿಗೆ ಬೀಗ ಹಾಕಿ, ಇನ್ನು ಮುಗಿಯಿತು, ನಾನು ಮುಕ್ತಳಾದೆ ಎಂದುಕೊಂಡೆ. ಮೂರನೆಯ ವಾರ ದಸ್ತಗೀರ ಚಾಚಾರ ಫೋನು ಬಂತು.

‘ಟೀಚರಬಾಯಿ, ಅಥಣಿಯೊಳಗ ನಮ್ಮ ಪೈಕಿಯವರೊಬ್ಬರು ಹಳೇ ಸ್ಟೇಷನರಿ ದುಕಾನಿನ ಅಟ್ಟ ಖಾಲಿ ಮಾಡಾಕತ್ತಾರ್ರಿ. ಮೊಬೈಲ್ ಅಂಗಡಿ ಹಾಕ್ತಾರಂತ. ಒಂದ ತಗಡಿನ ರೈಲು ಐತಂತ್ರಿ. ಗುಡ್ಡ, ಸುರಂಗ ಎಲ್ಲಾ ಐತಂತ. ನಾಳೆ ನಾ ಲಾರಿ ತಗೊಂಡು ಹೊಂಟೇನಿ. ನೀವು ಬರೂದಿದ್ದರ ಬರ್ರಿ, ಇಲ್ಲಾಂದ್ರ ಮಿರಜದವ ಒಬ್ಬಾವ ಕೇಳಾಕತ್ತಾನ.’

ಗುಡ್ಡ, ಸುರಂಗ ಎಂದ ಕೂಡಲೇ ನಾನು ಹಾಕಿದ್ದ ಚಪಾತಿ ಹೆಂಚಿನ ಮೇಲೆ ಸೀದುಹೋಯಿತು. ಆ ರೈಲು ನನಗೆ ಗೊತ್ತಿತ್ತು. ರಾಯಬಾಗದ ಅಂಗಡಿಯೊಂದರಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಮೂರನೆಯ ಇಯತ್ತೆಯಲ್ಲಿ ಇಡೀ ವರ್ಷ ಸಾಲೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದರ ಮುಂದೆ ನಿಲ್ಲುತ್ತಿದ್ದೆ. ಒಂದು ದಿನವೂ ಅದು ಓಡಿದ್ದನ್ನು ಕಂಡಿರಲಿಲ್ಲ. ಅಂಗಡಿಯವರು ಕೀಲಿ ಕೊಡುತ್ತಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ರಜೆ ಮುಗಿಸಿ ಬಂದಾಗ ಪೆಟ್ಟಿಗೆ ಖಾಲಿಯಾಗಿತ್ತು.

ಮರುದಿನ ಒಂದು ಸಾಂದರ್ಭಿಕ ರಜೆ ಹಾಕಿ ಅಥಣಿಯ ಬಸ್ಸು ಹತ್ತಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕುಡಚಿಯ ಸೇತುವೆಯ ಮೇಲಂತೂ ಕೃಷ್ಣೆಯೇ ನಮಗಿಂತ ಬೇಗ ಹೋಗುತ್ತಿತ್ತು. ಮಿರಜದವನಿಗೂ ಇದೇ ಗತಿಯಾಗಿರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ವ್ರತ ಹಿಡಿದವಳು ಮಾಡಬಾರದ ಹಾರೈಕೆ.

ಅಥಣಿಯಲ್ಲಿ ಚಾಚಾ ಅಂಗಡಿಯ ಕಟ್ಟೆಯ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು. ರಟ್ಟಿನ ಡಬ್ಬಿಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡಿದ್ದರು. ‘ಮಿರಜದವ ಎರಡ ಸಲ ಫೋನ್ ಮಾಡಿದ. ಟ್ರಾಫಿಕ್ಕಿನ್ಯಾಗ ಸಿಕ್ಕಾನಂತ’ ಎಂದರು. ಡಬ್ಬಿ ತೆರೆದೆ. ತಟ್ಟೆಯಗಲದ ತಗಡಿನ ಹಾಳೆ, ಮೇಲೆ ಹಸಿರು ಗುಡ್ಡ, ಗುಡ್ಡದ ತುದಿಗೆ ಕೆಂಪು ಹೆಂಚಿನ ಒಂದು ಮನೆ, ಎರಡು ಸುರಂಗ, ಬೆರಳಿಗಿಂತ ಚಿಕ್ಕದಾದ ನೀಲಿ ರೈಲು. ಅಟ್ಟದ ಕತ್ತಲಲ್ಲಿದ್ದುದರಿಂದ ಬಣ್ಣ ನಿನ್ನೆ ಬಳಿದಂತಿತ್ತು. ಅಲ್ಲಿ ನಿಂತ ನನಗೆ ಎಂಟು ವರ್ಷ. ವ್ರತ ಹಿಡಿದಿದ್ದವಳು ಇನ್ನಾರೋ ಮಧ್ಯವಯಸ್ಸಿನ ಹೆಂಗಸು. ಕೊಂಡುಬಿಟ್ಟೆ.

ಮನೆಯ ಬಾಗಿಲಲ್ಲಿ ಮಧ್ಯವಯಸ್ಸು ತಿರುಗಿ ಬಂತು. ಈ ಸಲ ಮೆಂತ್ಯೆ ಹೊದಿಸಲಿಲ್ಲ. ಡಬ್ಬಿಯನ್ನು ಆಯಿಯ ಮುಂದೆ ಇಟ್ಟು, ‘ನೂರೈವತ್ತೊಂದ್ರಿ’ ಎಂದೆ. ಆಯಿ ಅದನ್ನು ತೆರೆದೂ ನೋಡಲಿಲ್ಲ. ‘ಹಂಗಾದ್ರ ಒಂದ ಕೊಟ್ಟಬಿಡು’ ಎಂದು ಅವರೆಕಾಯಿ ಸುಲಿಯತೊಡಗಿದರು.

ಎರಡು ದಿನ ನಾನು ಕಪಾಟಿನ ಮುಂದೆ ಕೂತೆ. ಕೊನೆಗೆ ಒಂದು ಕಿವಿ ಹರಿದ, ಒತ್ತಿದರೆ ಕೀಚ್ ಎನ್ನುವುದನ್ನೂ ಮರೆತಿದ್ದ ರಬ್ಬರ್ ಮೊಲವನ್ನು ತಂದೆ.

‘ಇದು ಬ್ಯಾಡಾದ್ದಲ್ಲೇನ ನಿನಗ?’ ಎಂದರು ಆಯಿ. ‘ಬ್ಯಾಡಾದ್ದ ಕೊಟ್ಟರ ಅದು ತ್ಯಾಗ ಹ್ಯಾಂಗ ಆದೀತು? ಅದಕ್ಕ ಕಸಾ ಹೊಡಿಯೂದಂತಾರ.’

ಆಮೇಲೆ ದೋಣಿಯನ್ನು ತಂದೆ. ಬಾಗಿಲವರೆಗೆ ಒಯ್ದು ತಿರುಗಿ ಬಂದೆ. ಕಪ್ಪೆಯನ್ನು ಕೈಗೆತ್ತಿಕೊಂಡೆ, ಅದು ಟಿಕ್ ಎಂದಿತು, ಇಟ್ಟುಬಿಟ್ಟೆ. ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪಿನಿಂದ ಊಟಕ್ಕೆ ಬಂದ ನಮ್ಮವರು ಇದನ್ನೆಲ್ಲ ನೋಡಿ, ‘ನನ್ನನ್ನ ಯಾರಿಗರೆ ಕೊಡ್ರಿ, ಜಾಗ ಆಗ್ತೈತಿ’ ಎಂದು ಕೈತೊಳೆಯಲು ಹೋದರು. ನನಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಆಟಿಕೆಗಾಗಿ ಅಳುವ ವಯಸ್ಸು ಇದಲ್ಲ ಎಂದು ಗೊತ್ತಾಗಿ ಇನ್ನಷ್ಟು ಬಂತು. ರೈಲನ್ನು ಚಾಚಾರಿಗೆ ತಿರುಗಿ ಕೊಡುವುದೇ ಸರಿ ಎಂದು ಡಬ್ಬಿಗೆ ದಾರ ಕಟ್ಟಲು ಕೂತೆ.

ಆಯಿ ನನ್ನನ್ನೇ ನೋಡುತ್ತಿದ್ದರು. ಎದ್ದು ಬಂದು ಎದುರು ಕೂತರು. ‘ಏನೈತಿ ಅದರಾಗ? ತಗಿ, ನೋಡೂಣು.’

ತೆಗೆದೆ. ಕೀಲಿ ಕೊಟ್ಟೆ. ನೀಲಿ ರೈಲು ಕರಕರ ಎನ್ನುತ್ತ ಹೊರಟು ಒಂದನೆಯ ಸುರಂಗ ಹೊಕ್ಕಿತು. ಆಯಿ ಬಗ್ಗಿದರು. ಇನ್ನೊಂದು ಬಾಯಿಯಿಂದ ಅದು ಹೊರಬಂದಾಗ ಅವರ ಬಾಯಿಯೂ ತೆರೆದಿತ್ತು. ಐದು ಸುತ್ತು ನೋಡಿದರು. ಆಮೇಲೆ ಬೆರಳು ಮಡಚುತ್ತ ಏನೋ ಎಣಿಸಿದರು.

‘ನನ್ನ ಇತರೆ ಸಾಮಾನಿನ್ಯಾಗ ಹತ್ತ ಅಂತ ಹೇಳೇನಿ. ಜಪಮಾಲಿ, ಚಷ್ಮಾ, ಕೋಲ, ರೇಡಿಯೋ, ಎಲಿ ಅಡಕಿ ಡಬ್ಬಿ... ಒಂಬತ್ತ ಆದೂವು. ಒಂದ ಖಾಲಿ ಐತಿ. ಇದು ನನ್ನ ಹಂತೇಕ ಇರಲಿ.’

ನಾನು ಎದ್ದು ಅವರ ಕಾಲು ಮುಟ್ಟಿದೆ. ಸಮಸ್ಯೆ ಬಗೆಹರಿಯಿತು, ರೈಲು ಮನೆಯಲ್ಲೇ ಉಳಿಯಿತು, ಲೆಕ್ಕ ಮಾತ್ರ ಆಯಿಯದು ಎಂದುಕೊಂಡೆ. ಒಡೆತನ ಎಂದರೇನು ಎಂದು ಆಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ರೈಲು ಅವರ ಕೋಣೆಗೆ ಹೋಯಿತು. ಮರುದಿನ ನಾನು ಧೂಳು ಒರೆಸುವ ನೆಪದಲ್ಲಿ ಕೈಹಾಕಿದರೆ, ‘ಕೇಳಿ ತಗೋ ಯವ್ವಾ, ನಿಂದಲ್ಲ ಅದು’ ಎಂದರು.

ಸೂರ್ಯ ಮುಳುಗುವ ಮೊದಲೇ ಆಯಿಯ ಊಟ ಮುಗಿಯಬೇಕು. ಹಾಗಾಗಿ ನಾಲ್ಕು ಗಂಟೆಗೆ ಸರಿಯಾಗಿ ರೈಲು ಹೊರಡಲು ಶುರುವಾಯಿತು. ಪಕ್ಕದ ಮನೆಯ ಬಾಳಕ್ಕ, ಎದುರು ಮನೆಯ ಹಸೀನಾಬಿ, ಅವರ ಜೊತೆ ಇನ್ನಿಬ್ಬರು, ಶೇಂಗಾ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಸುತ್ತ ಕೂರುತ್ತಿದ್ದರು. ಶಾಲೆಯಿಂದ ಬಂದಾಗ ನನಗೆ ಕೇಳಿಸುತ್ತಿದ್ದುದು ಕರಕರ ಸದ್ದು, ಅದರ ಮೇಲೆ ನಗು. ಪ್ರತಿ ಸುತ್ತಿಗೂ ನನ್ನ ಎದೆಯಲ್ಲೊಂದು ಸ್ಪ್ರಿಂಗು ಸಡಿಲವಾಗುತ್ತಿತ್ತು. ಸುರಂಗದ ಬಾಯಲ್ಲಿ ಹಸಿರು ಬಣ್ಣ ಕೀಳತೊಡಗಿತು. ತಡೆಯಲಾರದೆ ಒಂದು ದಿನ ಹೇಳಿದೆ.

‘ಆಯಿ, ಬಣ್ಣಾ ಹೋಗಾಕತ್ತೈತ್ರಿ.’

‘ಹೋಗ್ಲಿ. ನನ್ನ ತಲೀದೂ ಹೋಗೇತಿ.’

ಕಳೆದ ತಿಂಗಳು ಆಯಿ ತಮ್ಮನ ಮನೆಗೆಂದು ಹದಿನೈದು ದಿನ ಸದಲಗಾಕ್ಕೆ ಹೊರಟರು. ‘ರೈಲು ನೋಡ್ಕೋ’ ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಆ ಸಂಜೆಯೇ ನಾನು ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ನನ್ನ ಕಪಾಟಿನೊಳಗೆ ದೋಣಿಯ ಪಕ್ಕಕ್ಕೆ ಇಟ್ಟೆ. ಬೀಗ ಹಾಕಿ ಗಾಜಿನ ಹೊರಗೆ ನಿಂತು ನೋಡಿದೆ. ಬಹಳ ಚೆಂದ ಕಾಣುತ್ತಿತ್ತು. ಆಯಿ ಬರುವವರೆಗೆ ಅತಿಥಿ, ಲೆಕ್ಕಕ್ಕೆ ಸೇರದು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ಮನೆಯಲ್ಲೇ ಇದ್ದೆ. ನಾಲ್ಕಕ್ಕೆ ಬಾಗಿಲು ಸಪ್ಪಳವಾಯಿತು. ಬಾಳಕ್ಕ, ಹಸೀನಾಬಿ, ಇನ್ನಿಬ್ಬರು ಶೇಂಗಾದ ಬುಟ್ಟಿ ಹಿಡಿದು ನಿಂತಿದ್ದರು.

‘ಆಯಿ ಊರಿಗೆ ಹೋಗ್ಯಾರ್ರಿ’ ಎಂದೆ.

‘ಆಯಿ ಹೋಗ್ಯಾರ, ಗೊತ್ತೈತಿ’ ಎಂದರು ಹಸೀನಾಬಿ. ‘ರೈಲು ಹೋಗಿಲ್ಲಲ್ಲಾ?’

ಬೀಗ ತೆಗೆದೆ. ಜೀವನದಲ್ಲಿ ಮೊದಲ ಸಲ ಕಪಾಟಿನಿಂದ ಒಂದು ಆಟಿಕೆಯನ್ನು ಆಡಿಸುವುದಕ್ಕೆಂದು ಹೊರತೆಗೆದೆ. ನೆಲದ ಮೇಲಿಟ್ಟು, ಮೊಣಕಾಲು ನೋಯುತ್ತಿದ್ದರೂ ಕೂತು, ಕೀಲಿ ತಿರುವಿದೆ. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೆಯ ಸುತ್ತಿಗೆ ದೊಡ್ಡ ಸುರಂಗದೊಳಗೆ ಹೊಕ್ಕ ರೈಲು ಹೊರಬರಲಿಲ್ಲ. ಸದ್ದೂ ನಿಂತಿತು. ಗುಡ್ಡದ ಮೇಲೆ ಬಡಿಯಲು ಬೆರಳು ಎತ್ತಿದ್ದೆ, ಅಷ್ಟರಲ್ಲಿ ಫೋನು. ಸದಲಗಾದಿಂದ ಆಯಿ.

‘ನಾಕ ಆತು. ರೈಲು ಬಿಟ್ಟ್ಯೋ ಇಲ್ಲೋ?’

‘ಬಿಟ್ಟೇನ್ರಿ. ಸುರಂಗದಾಗ ನಿಂತೈತ್ರಿ.’

‘ಬಡೀಬ್ಯಾಡ. ಅದು ಹಂಗ ನಿಂದರ್ತೈತಿ ಒಮ್ಮೊಮ್ಮೆ. ತಟಗ ತಡಿ, ತಾನ ಬರ್ತೈತಿ.’

ಬೆರಳು ಕೆಳಗಿಳಿಸಿದೆ. ಬಾಳಕ್ಕ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಐದು ಹೆಂಗಸರು ಉಸಿರು ಹಿಡಿದು ಎರಡು ಬೆರಳಗಲದ ಕತ್ತಲೆಯೊಂದನ್ನು ನೋಡುತ್ತ ಕೂತೆವು. ಫೋನಿನ ಆ ಕಡೆ ಆಯಿಯೂ ಸುಮ್ಮನೆ ಕಾಯುತ್ತಿದ್ದರು. ಒಳಗೆಲ್ಲೋ ಕರ್ ಎಂದಿತು. ಮತ್ತೊಮ್ಮೆ ಕರ್. ನೀಲಿ ಮೂತಿ ಹೊರಬಂತು.

‘ಬಂತು, ಬಂತು!’ ಎಂದು ನಾಲ್ವರೂ ಕೂಗಿದರು. ಐದನೆಯ ದನಿ ನನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ನನ್ನ ನೂರೈವತ್ತರಲ್ಲಿ ಯಾವುದಕ್ಕೂ ನಾಲ್ಕು ಗಂಟೆಗೆ ಬುಟ್ಟಿ ಹಿಡಿದು ಬಂದು ಕಾಯುವವರಿರಲಿಲ್ಲ. ಅವನ್ನೆಲ್ಲ ತುಕ್ಕಿನಿಂದ, ಇಲಿಯಿಂದ, ಬಿಸಿಲಿನಿಂದ, ನೆಂಟರ ಮಕ್ಕಳಿಂದ ಕಾಪಾಡಿದ್ದೆ. ಇಷ್ಟು ಬಿಗಿಯಾಗಿ ಕಾಪಾಡಿದ್ದರಿಂದಲೇ ಅವುಗಳಿಗೆ ಏನೂ ಆಗಿರಲಿಲ್ಲ. ಏನೂ ಆಗದಿರುವುದು ಆಟಿಕೆಯ ಬಾಳಿನಲ್ಲಿ ಅಂಥ ದೊಡ್ಡ ಸಾಧನೆಯಲ್ಲವೇನೋ.

ರೈಲು ನಿಂತ ಮೇಲೆ ಹಸೀನಾಬಿ ಕಪಾಟಿನತ್ತ ಕತ್ತು ಚಾಚಿದರು. ‘ಆ ದೋಣಿ ಖರೇ ನೀರಾಗ ನಡೀತೈತೇನ್ರಿ?’

‘ಸುಮ್ಮನ ಇಟ್ಟಿದ್ದು ಅದು’ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಎದ್ದು ಅಡುಗೆಮನೆಗೆ ಬೋಗುಣಿ ತರಲು ಹೋದೆ.